ಅಂಗಳದ ಗೆರೆ: ಸಿರಿಗೆರೆಯಲ್ಲಿ ಕೂತು ಶ್ರೀಲಂಕಾ ಓದಿದ್ದು

ಎರಡು ತಿಂಗಳಿಂದ ಪ್ರತಿ ಶನಿವಾರ ಸಂಜೆ ನಮ್ಮ ಮನೆಯ ಪಡಸಾಲೆಯಲ್ಲಿ ಏಳೆಂಟು ಹುಡುಗ ಹುಡುಗಿಯರು ಸೇರುತ್ತಿದ್ದಾರೆ. ಹೆಚ್ಚಿನವರು ಸಿರಿಗೆರೆಯ ಹಾಸ್ಟೆಲುಗಳಲ್ಲಿದ್ದು ಓದುವವರು. ಇಬ್ಬರು ಹೊಳಲ್ಕೆರೆ ಕಡೆಯಿಂದ ಬಸ್ಸಿನಲ್ಲಿ ಬರುತ್ತಾರೆ. ಓದುತ್ತಿದ್ದ ಪುಸ್ತಕ ಶ್ಯಾಮ್ ಸೆಲ್ವದುರೈ 1994ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕಾದಂಬರಿ ‘ಫನ್ನಿ ಬಾಯ್’. ನಮ್ಮ ಕ್ರಮ ಸರಳ. ಒಬ್ಬರು ಒಂದು ಪುಟ ಇಂಗ್ಲಿಷಿನಲ್ಲಿ ಓದುವುದು, ಇನ್ನೊಬ್ಬರು ಅದನ್ನು ಕನ್ನಡದಲ್ಲಿ ಹೇಳುವುದು, ಉಳಿದವರು ತಿದ್ದುವುದು. ಹೀಗೆ ಓದಿದರೆ ಪುಸ್ತಕ ಬೇಗ ಮುಗಿಯುವುದಿಲ್ಲ, ಆದರೆ ಬೇಗ ಮರೆತೂ ಹೋಗುವುದಿಲ್ಲ.

ಕೊನೆಯ ಅಧ್ಯಾಯ ಮುಗಿದ ದಿನ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಭರಮಸಾಗರದ ಕಡೆಯ ಹುಡುಗಿಯೊಬ್ಬಳು ಕೇಳಿದಳು: “ಸರ್, ಈ ಕತೆಯಲ್ಲಿ ನಾವು ಯಾರು? ತಮಿಳರ ಥರದವರಾ, ಸಿಂಹಳೀಯರ ಥರದವರಾ?” ಪಕ್ಕದಲ್ಲಿದ್ದ ಹುಡುಗ ತಟ್ಟನೆ ಅಂದ: “ನಾವ್ಯಾಕೆ ಅದರಲ್ಲಿ ಬರಬೇಕು? ಅದು ಅವರ ಜಗಳ.” ನಾನು ಗಡಿಯಾರ ನೋಡಿ, “ಹಾಸ್ಟೆಲಿಗೆ ಹೊತ್ತಾಯ್ತು, ಮುಂದಿನ ವಾರ ಮಾತಾಡೋಣ” ಎಂದು ಎದ್ದೆ. ಹೊತ್ತೇನೂ ಆಗಿರಲಿಲ್ಲ. ಆ ಪ್ರಶ್ನೆಗೆ ನನ್ನಲ್ಲಿ ಒಂದು ಉತ್ತರ ಇತ್ತು, ಅದನ್ನು ಮಕ್ಕಳ ಮುಂದೆ ಹೇಳಲು ಸಂಕೋಚವಾಯಿತು. ಈ ಬರಹ ಆ ಉತ್ತರವನ್ನು ಹೇಳುವ ಪ್ರಯತ್ನ.

ಮೊದಲು ಕಾದಂಬರಿಯನ್ನೇ ನೋಡೋಣ. ಸೆಲ್ವದುರೈ ಕೊಲಂಬೋದಲ್ಲಿ 1965ರಲ್ಲಿ ಹುಟ್ಟಿದವರು. ತಂದೆ ತಮಿಳರು, ತಾಯಿ ಸಿಂಹಳೀಯರು. 1983ರ ಗಲಭೆಯ ನಂತರ ಕುಟುಂಬ ಕೆನಡಾಕ್ಕೆ ಹೋಯಿತು. ‘ಫನ್ನಿ ಬಾಯ್’ ಒಂದಕ್ಕೊಂದು ಕೂಡಿಕೊಂಡ ಆರು ಕತೆಗಳ ಕಾದಂಬರಿ. ಆರ್ಜಿ ಎಂಬ ತಮಿಳು ಹುಡುಗ ಏಳು ವರ್ಷದವನಿದ್ದಾಗ ಶುರುವಾಗಿ, ಅವನ ಕುಟುಂಬ ದೇಶ ಬಿಡುವಲ್ಲಿ ಮುಗಿಯುತ್ತದೆ.

ಇದನ್ನು ಎಲ್ಲರೂ ಸಾಮಾನ್ಯವಾಗಿ ಎರಡು ಕತೆಗಳಾಗಿ ಓದುತ್ತಾರೆ. ಒಂದು, ತಾನು ಹುಡುಗರನ್ನು ಪ್ರೀತಿಸುವವನು ಎಂದು ನಿಧಾನಕ್ಕೆ ಅರಿತುಕೊಳ್ಳುವ ಹುಡುಗನ ಕತೆ. ಇನ್ನೊಂದು, ಗಲಭೆಯ ಕಡೆಗೆ ಜಾರುತ್ತಿರುವ ದೇಶದ ಕತೆ. ಇವೆರಡೂ ಒಂದೇ ಕತೆ ಎಂಬುದು ನಮಗೆ ಹೊಳೆದದ್ದು ಮೊದಲ ಅಧ್ಯಾಯವನ್ನು ಕನ್ನಡದಲ್ಲಿ ಹೇಳಿಕೊಳ್ಳುವಾಗ. ಅಜ್ಜ ಅಜ್ಜಿಯ ಮನೆಗೆ ರಜೆಯ ದಿನ ಮೊಮ್ಮಕ್ಕಳೆಲ್ಲ ಬರುತ್ತಾರೆ. ಮುಂದಿನ ಬಯಲು ಹುಡುಗರದು, ಅಲ್ಲಿ ಕ್ರಿಕೆಟ್. ಹಿತ್ತಲು ಹುಡುಗಿಯರದು, ಅಲ್ಲಿ ಮದುವೆಯಾಟ. ಆರ್ಜಿ ಹಿತ್ತಲಿನವನು, ಸೀರೆ ಸುತ್ತಿಕೊಂಡು ಮದುಮಗಳಾಗುವವನು. ವಿದೇಶದಿಂದ ಬಂದ ಒಬ್ಬ ನೆಂಟರ ಹುಡುಗಿ, “ಇವನು ಹುಡುಗ, ಇಲ್ಲಿ ಹೇಗೆ ಇರಬಹುದು?” ಎಂದು ತಕರಾರು ತೆಗೆಯುತ್ತಾಳೆ. ಅಲ್ಲಿಯವರೆಗೆ ಯಾರಿಗೂ ಕಾಣದಿದ್ದ ಗೆರೆ ಆಗ ಎಲ್ಲರಿಗೂ ಕಾಣುತ್ತದೆ. ದೊಡ್ಡವರು ಬರುತ್ತಾರೆ, ಗೆರೆ ಕಾಯ್ದೆಯಾಗುತ್ತದೆ. ಆರ್ಜಿ ಹಿತ್ತಲಿಗೂ ಸಲ್ಲುವುದಿಲ್ಲ, ಬಯಲಿಗೂ ಸಲ್ಲುವುದಿಲ್ಲ.

ಸಿಂಹಳ, ತಮಿಳು ಎಂಬ ಮಾತು ಬರುವ ಮುಂಚೆಯೇ ಕಾದಂಬರಿ ತನ್ನ ರಾಜಕೀಯವನ್ನು ಹೇಳಿಬಿಟ್ಟಿದೆ. ಅಂಗಳದಲ್ಲಿ ಗೆರೆ ಎಳೆಯುವವರು ಕೆಟ್ಟವರಲ್ಲ, ಆಡುವ ಮಕ್ಕಳು. ಆದರೆ ಗೆರೆ ಎಳೆದ ಮೇಲೆ ಅದರ ಮೇಲೆ ನಿಂತವನ ಗತಿ ಏನು ಎಂಬುದನ್ನು ಯಾರೂ ಯೋಚಿಸಿರುವುದಿಲ್ಲ. ಮುಂದಿನ ಅಧ್ಯಾಯಗಳಲ್ಲಿ ಗೆರೆಯ ಮೇಲೆ ನಿಲ್ಲುವವರು ಒಬ್ಬೊಬ್ಬರಾಗಿ ಬರುತ್ತಾರೆ. ಸಿಂಹಳ ಹುಡುಗ ಅನಿಲನನ್ನು ಮೆಚ್ಚಿದ ರಾಧಾ ಅತ್ತೆ ಜಾಫ್ನಾದಿಂದ ಬರುವಾಗ ರೈಲಿನಲ್ಲಿ ಪೆಟ್ಟು ತಿಂದು, ಕೊನೆಗೆ ಮನೆಯವರು ನೋಡಿದ ವರನನ್ನೇ ಮದುವೆಯಾಗುತ್ತಾಳೆ. ಆರ್ಜಿಯ ಅಜ್ಜಿ ಆ ಸಂಬಂಧವನ್ನು ಒಪ್ಪದಿರಲು ಕಾರಣವಿದೆ, ಅವಳ ತಂದೆಯನ್ನು 1958ರ ಗಲಭೆಯಲ್ಲಿ ಕೊಂದಿದ್ದರು. ಅಜ್ಜಿಯ ಸಿಟ್ಟನ್ನು ಕಾದಂಬರಿ ಹಗುರಾಗಿ ಕಾಣುವುದಿಲ್ಲ, ಹಾಗೆಂದು ಅದರ ಬೆಲೆಯನ್ನು ತೆತ್ತವಳು ರಾಧಾ ಎಂಬುದನ್ನು ಮುಚ್ಚಿಡುವುದೂ ಇಲ್ಲ.

ಇಲ್ಲಿ ಒಂದು ಪದದ ಬಗ್ಗೆ ಹೇಳಬೇಕು. ಅಲ್ಲಿನ ಗಲಭೆಗಳ ನೆನಪುಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಸಂಗತಿಯಿದೆ. ಗುಂಪು ದಾರಿಯಲ್ಲಿ ಸಿಕ್ಕವರನ್ನು ನಿಲ್ಲಿಸಿ ಬಕೆಟ್ಟನ್ನು ತೋರಿಸಿ ಹೆಸರು ಕೇಳುತ್ತಿತ್ತಂತೆ. ಸಿಂಹಳದಲ್ಲಿ ಅದು ‘ಬಾಲ್ದಿಯ’. ತಮಿಳರ ನಾಲಿಗೆಗೆ ಮೊದಲ ಅಕ್ಷರ ‘ವ’ ಆಗುತ್ತದೆ ಎಂಬ ನಂಬಿಕೆಯ ಮೇಲೆ ಪರೀಕ್ಷೆ. ಇದನ್ನು ನಾನು ಹೇಳಿದಾಗ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಮ್ಮ ಬಚ್ಚಲಲ್ಲಿ ಇರುವುದೂ ಬಾಲ್ದಿಯೇ. ಪೋರ್ಚುಗೀಸರು ಬಿಟ್ಟುಹೋದ ಪದ ಲಂಕೆಯಲ್ಲೂ ನಮ್ಮಲ್ಲೂ ನೀರು ಹೊತ್ತಿತು, ಅಲ್ಲಿ ಒಂದು ದಿನ ಜೀವ ತೂಗುವ ತಕ್ಕಡಿಯಾಯಿತು. ಆ ಪದ ಸಿಂಹಳದ್ದೂ ಅಲ್ಲ, ತಮಿಳಿನದ್ದೂ ಅಲ್ಲ.

ಆದರೆ ಆರ್ಜಿ ಆ ಪರೀಕ್ಷೆಯಲ್ಲಿ ಪಾಸಾಗುತ್ತಿದ್ದ. ಮುಂದೆ ಒಳ್ಳೆಯದಾಗಲಿ ಎಂದು ಅವನ ಅಪ್ಪ ಅವನನ್ನು ಮೊದಲಿಂದಲೂ ಸಿಂಹಳ ಮಾಧ್ಯಮಕ್ಕೇ ಹಾಕಿದ್ದ. ಹೊಸ ಶಾಲೆಯಲ್ಲಿ ಸಹಪಾಠಿಗಳು “ನಿನ್ನದು ತಮಿಳು ಕ್ಲಾಸು, ಅಲ್ಲಿಗೆ ಹೋಗು” ಎನ್ನುವಾಗ ಅವನಿಗೆ ಗೊಂದಲವಾಗುವುದು ಇದಕ್ಕೇ. ಭಾಷೆ ಕಲಿತರೆ ಸಾಕು, ನಮ್ಮವರಾಗಿಬಿಡುತ್ತೀರಿ ಎನ್ನುವ ಮಾತನ್ನು ನಂಬಿದ ಮನೆ ಅದು. 1983ರ ಜುಲೈನಲ್ಲಿ ಕೊಲಂಬೋದ ಗುಂಪುಗಳ ಕೈಯಲ್ಲಿ ಮತದಾರರ ಪಟ್ಟಿಗಳಿದ್ದವು. ಪಟ್ಟಿಗೆ ಉಚ್ಚಾರ ಬೇಕಿಲ್ಲ, ಹೆಸರು ಸಾಕು. ಆರ್ಜಿಯ ಮನೆ ಸುಡುತ್ತದೆ, ಅಜ್ಜ ಅಜ್ಜಿ ಕಾರಿನೊಳಗೇ ಸುಟ್ಟುಹೋಗುತ್ತಾರೆ. ಇವರನ್ನು ಬಚ್ಚಿಟ್ಟು ಕಾಪಾಡುವ ನೆರೆಯವರೂ ಸಿಂಹಳೀಯರೇ. ದಿನಚರಿಯ ರೂಪದಲ್ಲಿರುವ ಆ ಕೊನೆಯ ಅಧ್ಯಾಯದಲ್ಲಿ ಸೆಲ್ವದುರೈ ಯಾವ ಅಲಂಕಾರಕ್ಕೂ ಹೋಗುವುದಿಲ್ಲ. ತಾರೀಖು, ಹೊತ್ತು, ಏನಾಯಿತು, ಅಷ್ಟೇ. ಕನ್ನಡಕ್ಕೆ ಹೇಳಲು ಎಲ್ಲಕ್ಕಿಂತ ಸುಲಭವಾದ ಅಧ್ಯಾಯ ಅದು. ಅವತ್ತು ಹೇಳುತ್ತಿದ್ದ ಹುಡುಗ ಎರಡು ಸಲ ನಿಲ್ಲಿಸಿದ.

“ಅದು ಅವರ ಜಗಳ” ಎಂದವನಿಗೆ ನಾನು ಒಂದು ಇಸವಿಯನ್ನು ನೆನಪಿಸಬೇಕಿತ್ತು: 1956. ಆ ವರ್ಷ ಅಂದಿನ ಸಿಲೋನಿನ ಸಂಸತ್ತು ಸಿಂಹಳವೊಂದನ್ನೇ ಆಡಳಿತ ಭಾಷೆಯಾಗಿ ಮಾಡಿತು. ಅದೇ ವರ್ಷ ನವೆಂಬರ್ 1ರಂದು ನಮ್ಮ ಮೈಸೂರು ರಾಜ್ಯ ವಿಶಾಲವಾಯಿತು, ಕಾಸರಗೋಡು ಕೇರಳಕ್ಕೆ ಹೋಯಿತು.

ಸಿಂಹಳದ ಬೇಡಿಕೆ ಶುರುವಾದದ್ದು ಅನ್ಯಾಯವಾಗಿ ಅಲ್ಲ. ದೇಶದ ಬಹುಪಾಲು ಜನಕ್ಕೆ ಬಾರದ ಇಂಗ್ಲಿಷಿನಲ್ಲಿ ಕಚೇರಿ, ಕೋರ್ಟು ನಡೆಯುತ್ತಿದ್ದವು. ಹಳ್ಳಿಯವನಿಗೆ ತನ್ನ ಮೇಲಿನ ಮೊಕದ್ದಮೆಯೇ ಅರ್ಥವಾಗುತ್ತಿರಲಿಲ್ಲ. ಆಗ ಹುಟ್ಟಿದ ಚಳವಳಿಯ ಹೆಸರು ‘ಸ್ವಭಾಷಾ’. 1944ರಲ್ಲಿ ಅಲ್ಲಿನ ಶಾಸನಸಭೆ ಇಂಗ್ಲಿಷಿನ ಜಾಗಕ್ಕೆ ಸಿಂಹಳ ಮತ್ತು ತಮಿಳು ಎರಡೂ ಬರಬೇಕೆಂದು ಒಪ್ಪಿತ್ತು. ಹನ್ನೆರಡೇ ವರ್ಷದಲ್ಲಿ ಎರಡು ಒಂದಾಯಿತು. ಎರಡು ಭಾಷೆಯಾದರೆ ಒಂದು ದೇಶ ಉಳಿಯುತ್ತದೆ, ಒಂದೇ ಭಾಷೆಯಾದರೆ ಎರಡು ದೇಶವಾಗುತ್ತದೆ ಎಂಬ ಅರ್ಥದ ಎಚ್ಚರಿಕೆಯನ್ನು ಸಂಸತ್ತಿನಲ್ಲಿ ಕೊಟ್ಟವರು ಸಿಂಹಳೀಯರೇ ಆದ ಎಡಪಕ್ಷದ ನಾಯಕ ಕಾಲ್ವಿನ್ ಆರ್. ಡಿ ಸಿಲ್ವ. ಕೇಳಿಸಿಕೊಂಡವರು ಕಡಿಮೆ. ಪ್ರಧಾನಿ ಬಂಡಾರನಾಯಕೆ 1957ರಲ್ಲಿ ತಮಿಳು ನಾಯಕ ಚೆಲ್ವನಾಯಕಂ ಅವರೊಡನೆ ಮಾಡಿಕೊಂಡ ಒಪ್ಪಂದವನ್ನು ಮರುವರ್ಷವೇ ಒತ್ತಡಕ್ಕೆ ಮಣಿದು ಕೈಬಿಟ್ಟರು. 1959ರಲ್ಲಿ ಅವರನ್ನು ಗುಂಡಿಟ್ಟು ಕೊಂದವನು ಒಬ್ಬ ಬೌದ್ಧ ಭಿಕ್ಷು.

ಇದನ್ನು ಓದುವ ಕನ್ನಡದವರಿಗೆ ಒಂದು ಇಕ್ಕಟ್ಟು ಇದೆ. ಸಿಂಹಳೀಯರ ಅಂಜಿಕೆ ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ದ್ವೀಪದಲ್ಲಿ ಮುಕ್ಕಾಲು ಪಾಲು ಜನ ಅವರೇ. ಆದರೂ ಕಿರಿದಾದ ಕಡಲಿನ ಆಚೆ ತಮಿಳುನಾಡು ಇದೆ, ನಮ್ಮ ಭಾಷೆಗೆ ಈ ನೆಲ ಬಿಟ್ಟರೆ ಇನ್ನೊಂದಿಲ್ಲ ಎಂದು ಅವರು ಹೇಳುತ್ತ ಬಂದಿದ್ದಾರೆ. ಅಲ್ಪಸಂಖ್ಯಾತರ ಭಯ ಇರುವ ಬಹುಸಂಖ್ಯಾತರು ಎಂದು ಇತಿಹಾಸಕಾರರು ಅವರನ್ನು ಕರೆದದ್ದುಂಟು. ನಮ್ಮ ವೇದಿಕೆಗಳಲ್ಲಿ ಕೇಳುವ ಭಾಷಣಗಳಲ್ಲಿ ‘ಸಿಂಹಳ’ ಎಂಬಲ್ಲಿ ‘ಕನ್ನಡ’ ಎಂದು ಹಾಕಿ ನೋಡಿ. ವಾಕ್ಯ ಎಲ್ಲೂ ಎಡವುವುದಿಲ್ಲ.

ಅದೇ ಹೊತ್ತಿಗೆ ತಮಿಳರ ನೋವೂ ನಮ್ಮದೇ. ಕಾಸರಗೋಡಿನ ಕನ್ನಡಿಗನನ್ನು ಕೇಳಿ. ಕಚೇರಿಯ ಅರ್ಜಿ ತನ್ನ ಭಾಷೆಯಲ್ಲಿಲ್ಲ, ಮಗನಿಗೆ ಪಾಠ ಮಾಡಲು ಬಂದ ಮೇಷ್ಟರಿಗೆ ಕನ್ನಡ ಬಾರದು. ಕಯ್ಯಾರ ಕಿಞ್ಞಣ್ಣ ರೈಗಳು 1915ರಲ್ಲಿ ಹುಟ್ಟಿ 2015ರವರೆಗೆ ಬಾಳಿದರು, ಅದರ ಅರ್ಧಕ್ಕೂ ಹೆಚ್ಚು ಕಾಲ ಈ ಪ್ರಶ್ನೆಯನ್ನು ಹೊತ್ತು ತಿರುಗಿದರು. 2017ರಲ್ಲಿ ಕೇರಳ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯ ಮಾಡುವ ಕಾನೂನು ತಂದಾಗ ಅಲ್ಲಿನ ಕನ್ನಡಿಗರು ಮತ್ತೆ ಬೀದಿಗೆ ಬಂದರು. ಅವರ ಮಾತುಗಳನ್ನು ಜಾಫ್ನಾದ ಮೇಷ್ಟರೊಬ್ಬರು 1956ರಲ್ಲಿ ಆಡಿದ್ದರೂ ಸರಿಹೊಂದುತ್ತಿತ್ತು. ಹಾಗಾಗಿ ನಾವು ಯಾರು ಎಂಬುದು ನಾವು ಯಾವ ಊರಿನಲ್ಲಿ ನಿಂತಿದ್ದೇವೆ ಎಂಬುದರ ಮೇಲಿದೆ. ತಲಪಾಡಿಯ ಗೇಟು ದಾಟಿದರೆ ಒಂದೇ ಭಾಷೆ, ಒಂದೇ ಕುಟುಂಬ ಜಾಗ ಬದಲಾಯಿಸುತ್ತದೆ. ಕಾಸರಗೋಡಿನ ಕಣ್ಣಿನಿಂದ ಬೆಂಗಳೂರನ್ನು ನೋಡಲು ನಾವು ಒಲ್ಲೆವು, ತೊಡಕು ಅಲ್ಲಿದೆ.

ಇದು ಹುಡುಗಿಯ ಪ್ರಶ್ನೆಗೆ ವಿದ್ಯಾವಂತನ ಉತ್ತರ. ಅವತ್ತು ಹೇಳಲಾರದೆ ಎದ್ದುಹೋದ ಉತ್ತರ ಬೇರೆ.

1991ರಲ್ಲಿ ನಾನು ಬೆಂಗಳೂರಿನಲ್ಲಿ ಓದುತ್ತಿದ್ದೆ. ಬಾಡಿಗೆ ಕೋಣೆ, ನಾಲ್ಕು ಜನ, ಎಲ್ಲ ದುರ್ಗದ ಕಡೆಯವರು. ನಮ್ಮ ಬೀದಿಯ ತಿರುವಿನಲ್ಲಿ ತಳ್ಳುಗಾಡಿಯಲ್ಲಿ ಇಡ್ಲಿ ಮಾರುವ ಒಬ್ಬಾಕೆ ಇದ್ದರು. ನಾವು ಅಕ್ಕ ಎನ್ನುತ್ತಿದ್ದೆವು. ತಿಂಗಳ ಕೊನೆಗೆ ದುಡ್ಡಿಲ್ಲದಿದ್ದರೆ “ಬರ್ಕೊತೀನಿ, ತಿನ್ರಪ್ಪ” ಎನ್ನುವವರು. ಬರೆದುಕೊಳ್ಳಲು ಅವರಿಗೆ ಬರುತ್ತಿರಲಿಲ್ಲ. ಮಗನೊಡನೆ ತಮಿಳು, ನಮ್ಮೊಡನೆ ಕನ್ನಡ. ಅವರ ಕನ್ನಡದಲ್ಲಿ ‘ಹ’ ಸರಿಯಾಗಿ ಬರುತ್ತಿರಲಿಲ್ಲ, ನಮ್ಮ ಹಳ್ಳಿಯ ಕನ್ನಡದಲ್ಲೂ ಬರುತ್ತಿರಲಿಲ್ಲ.

ಆ ವರ್ಷ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ 205 ಟಿಎಂಸಿ ನೀರು ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟಿತ್ತು. ಡಿಸೆಂಬರ್ 11ರಂದು ಅದು ಕೇಂದ್ರದ ಗೆಜೆಟ್ಟಿನಲ್ಲಿ ಪ್ರಕಟವಾಯಿತು. 12, 13ರಂದು ಬೆಂಗಳೂರು ಹೊತ್ತಿಕೊಂಡಿತು. ಸಾವಿರಾರು ತಮಿಳು ಕೂಲಿಕಾರರು ಊರು ಬಿಟ್ಟರು. ಗಡಿಯಾಚೆ ಕನ್ನಡಿಗರ ಮೇಲೂ ಹಲ್ಲೆಗಳಾದವು. ಆ ಸಂಜೆ ನಾನು ಕೋಣೆಗೆ ಹಿಂತಿರುಗುವಾಗ ತಿರುವಿನಲ್ಲಿ ಹತ್ತು ಹದಿನೈದು ಹುಡುಗರು ಗಾಡಿಯ ಸುತ್ತ ನಿಂತಿದ್ದರು. ಒಬ್ಬ ಕೇಳುತ್ತಿದ್ದ, “ಕನ್ನಡದಲ್ಲಿ ಮಾತಾಡು.” ಅಕ್ಕ ಮಾತಾಡುತ್ತಿದ್ದರು. ಹೆದರಿಕೆಗೆ ಮಾತು ತೊದಲುತ್ತಿತ್ತು. ಅವರು ನನ್ನನ್ನು ನೋಡಿದರು. ಹುಡುಗರಲ್ಲೊಬ್ಬನೂ ತಿರುಗಿ ನೋಡಿ ಕೇಳಿದ: “ನೀನು ಇಲ್ಲೇ ಇರೋನಲ್ವಾ? ಇವರು ಯಾರು, ಕನ್ನಡದೋರಾ?”

ನಾನು “ಗೊತ್ತಿಲ್ಲ” ಎಂದೆ.

ಸುಳ್ಳು ಹೇಳಿ “ಹೌದು” ಎನ್ನಬಹುದಿತ್ತು. ನಿಜ ಹೇಳಿ “ತಮಿಳರು, ಆದರೆ ನಮ್ಮ ಅಕ್ಕ” ಎನ್ನುವ ಎದೆಗಾರಿಕೆ ಇರಲಿಲ್ಲ. ಒಂದೂವರೆ ವರ್ಷ ಅವರ ಕೈಯ ಇಡ್ಲಿ ತಿಂದವನು ಗೊತ್ತಿಲ್ಲ ಎಂದೆ. ಅವರಿಗೆ ಏಟಾಗಲಿಲ್ಲ, ಎದುರು ಮನೆಯ ಮುದುಕರೊಬ್ಬರು ಬಂದು ಒಳಗೆ ಕರೆದುಕೊಂಡು ಹೋದರು. ಗಾಡಿ ಮಾತ್ರ ಸುಟ್ಟುಹೋಯಿತು. ವಾರ ಕಳೆದ ಮೇಲೆ ಅವರು ಮಗನೊಡನೆ ಊರು ಬಿಟ್ಟರು ಎಂದು ಗೊತ್ತಾಯಿತು. ನನ್ನ ಬಾಕಿ ಎಂಟೋ ಹತ್ತೋ ರೂಪಾಯಿ ಇತ್ತು.

ಅದಕ್ಕೇ ಅನುಕ್ ಅರುದ್‌ಪ್ರಗಾಸಂ ಅವರ ‘ಎ ಪ್ಯಾಸೇಜ್ ನಾರ್ತ್’ (2021) ನನಗೆ ‘ಫನ್ನಿ ಬಾಯ್’ಗಿಂತ ಕಷ್ಟದ ಓದಾಯಿತು. ಅದರ ನಾಯಕ ಕ್ರಿಶನ್ ಕೊಲಂಬೋದ ತಮಿಳ. 2009ರ ಮೇ ತಿಂಗಳಲ್ಲಿ ಯುದ್ಧ ಮುಗಿಯುವಾಗ ಅವನು ಅಲ್ಲಿರಲಿಲ್ಲ, ದೂರದಲ್ಲಿದ್ದು ಫೋಟೋಗಳನ್ನೂ ವರದಿಗಳನ್ನೂ ನೋಡಿದವನು. ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದ ರಾಣಿ ಎಂಬಾಕೆ ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡವಳು. ಆಕೆ ತೀರಿಕೊಂಡ ಸುದ್ದಿ ಬಂದು, ಅಂತ್ಯಕ್ರಿಯೆಗೆಂದು ಅವನು ಉತ್ತರಕ್ಕೆ ರೈಲಿನಲ್ಲಿ ಹೋಗುವುದಷ್ಟೇ ಕತೆ. ಇಡೀ ಕಾದಂಬರಿಯಲ್ಲಿ ನೇರ ಸಂಭಾಷಣೆಯೇ ಇಲ್ಲ. ಉದ್ದುದ್ದ ವಾಕ್ಯಗಳು, ಯೋಚನೆಯ ಮೇಲೆ ಯೋಚನೆ. ನಮ್ಮ ಗುಂಪಿನ ಹುಡುಗರು ಇಪ್ಪತ್ತು ಪುಟಕ್ಕೇ “ಬೇಡ ಸರ್” ಎಂದರು. ನನಗೆ ಆ ಮೌನ ಪರಿಚಿತವಾಗಿತ್ತು. ಮಾತಾಡಬೇಕಾದ ಹೊತ್ತಿನಲ್ಲಿ ಅಲ್ಲಿರದವನು, ಅಥವಾ ಇದ್ದೂ ಮಾತಾಡದವನು, ಆಮೇಲೆ ಎಷ್ಟು ಯೋಚಿಸಿದರೂ ಅದು ಮಾತಾಗುವುದಿಲ್ಲ. ಆದರೆ ಇಲ್ಲಿಯೇ ನನ್ನ ತಕರಾರೂ ಇದೆ. ಕ್ರಿಶನ್‌ನ ಪಾಪಪ್ರಜ್ಞೆ ಎಷ್ಟು ಜಾಗ ತಿನ್ನುತ್ತದೆಂದರೆ ರಾಣಿ ತನ್ನ ಮಾತಿನಲ್ಲಿ ನಮಗೆ ಸಿಗುವುದೇ ಇಲ್ಲ. ನೋಡಿದವನ ನೋವು ಉಂಡವಳ ನೋವಿನ ಮುಂದೆ ಬಂದು ನಿಲ್ಲುತ್ತದೆ. ನನ್ನ ಇಡ್ಲಿಯಕ್ಕನ ಬಗ್ಗೆ ಇಷ್ಟು ಬರೆದ ಮೇಲೆ ಈ ತಕರಾರು ನನಗೂ ತಗಲುತ್ತದೆ.

ಯಾರ ಮಾತು ಪುಸ್ತಕಕ್ಕೆ ಬರುವುದಿಲ್ಲ ಎಂಬ ಪ್ರಶ್ನೆ ‘ಫನ್ನಿ ಬಾಯ್’ಗೂ ಕೇಳಬೇಕಾದದ್ದು. ಅದು ಕೊಲಂಬೋದ ಉಳ್ಳವರ ಮನೆ, ಕಾರು ಹೋಟೆಲು ಇರುವವರ ಕತೆ. ದ್ವೀಪದ ನಡುವಿನ ಬೆಟ್ಟಗಳಲ್ಲಿ ಚಹಾ ಕೀಳುತ್ತಿದ್ದ ತಮಿಳರು ಅದರಲ್ಲಿ ಇಲ್ಲವೆಂದೇ ಹೇಳಬೇಕು. ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನಿಂದ ಕೂಲಿಗೆ ಹೋದ ಅವರನ್ನು 1948ರ ಪೌರತ್ವ ಕಾಯ್ದೆ ಎಲ್ಲಿಯವರೂ ಅಲ್ಲದಂತೆ ಮಾಡಿತು. ಸ್ವಾತಂತ್ರ್ಯ ಬಂದು ಒಂದು ವರ್ಷವೂ ಆಗಿರಲಿಲ್ಲ. 1964ರ ಅಕ್ಟೋಬರಿನಲ್ಲಿ ಸಿರಿಮಾವೋ ಬಂಡಾರನಾಯಕೆ ಮತ್ತು ಲಾಲ್ ಬಹದ್ದೂರ್ ಶಾಸ್ತ್ರಿ ಅವರನ್ನು ಪಾಲು ಮಾಡಿಕೊಂಡರು: 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ, ಉಳಿದ ಒಂದೂವರೆ ಲಕ್ಷದ ಮಾತು ಆಮೇಲೆ. ಆ ಉಳಿದವರನ್ನು 1974ರಲ್ಲಿ ಸಮಪಾಲು ಮಾಡಿದರು. ಎ. ಶಿವಾನಂದನ್ ಅವರ ‘ವೆನ್ ಮೆಮೊರಿ ಡೈಸ್’ (1997) ಮೂರು ತಲೆಮಾರಿನ ಕತೆಯಲ್ಲಿ ರೈಲ್ವೆ ಕಾರ್ಮಿಕರನ್ನೂ ಮುಷ್ಕರಗಳನ್ನೂ ತರುತ್ತದೆ, ಸಿಂಹಳ ತಮಿಳು ಎರಡೂ ಬೆರೆತ ಮನೆಯನ್ನು ಕಟ್ಟುತ್ತದೆ. ದ್ವೀಪದ ಜಗಳಕ್ಕೆ ಭಾಷೆಯಷ್ಟೇ ಕೂಲಿಯೂ ಕಾರಣ ಎಂದು ತೋರಿಸುವ ಕಾದಂಬರಿ ಅದು. ‘ಫನ್ನಿ ಬಾಯ್’ ಓದಿದವರು ಅದನ್ನೂ ಓದಬೇಕು.

ಒಪ್ಪಂದದ ಪ್ರಕಾರ ಭಾರತಕ್ಕೆ ಬಂದವರಲ್ಲಿ ಒಂದು ಭಾಗ ಕರ್ನಾಟಕದಲ್ಲೇ ಇದೆ. ಸುಳ್ಯ, ಪುತ್ತೂರು ತಾಲ್ಲೂಕುಗಳಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಅವರಿಗೆ ಕೆಲಸ ಕೊಟ್ಟು ಮನೆ ಕಟ್ಟಿಸಿದರು. ನನ್ನ ಮೊದಲ ಕೆಲಸ ಆ ಕಡೆಯ ಒಂದು ಕಾಲೇಜಿನಲ್ಲಿ. ತರಗತಿಯಲ್ಲಿ ರಬ್ಬರ್ ಕಾಲೊನಿಯ ಒಬ್ಬ ಹುಡುಗನಿದ್ದ. ಬೆಳಗಿನ ಜಾವ ಅಪ್ಪನೊಡನೆ ಟ್ಯಾಪಿಂಗಿಗೆ ಹೋಗಿ, ಮರಗಳಿಗೆ ಚಿಪ್ಪು ಕಟ್ಟಿ, ಆಮೇಲೆ ತರಗತಿಗೆ ಬರುತ್ತಿದ್ದ. ಮನೆಯಲ್ಲಿ ತಮಿಳು, ಬಸ್ಸಿನಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಅಪ್ಪನಿಗೆ ಸಿಂಹಳವೂ ಬರುತ್ತಿತ್ತಂತೆ. ನನ್ನ ವಿದ್ಯಾರ್ಥಿಗಳಲ್ಲಿ ಕನ್ನಡವನ್ನು ಅವನಷ್ಟು ತಪ್ಪಿಲ್ಲದೆ ಬರೆಯುವವರು ಆ ವರ್ಷ ಇನ್ನೊಬ್ಬರಿರಲಿಲ್ಲ. ಊರವರು ಅವರನ್ನು ‘ಸಿಲೋನಿನವರು’ ಎನ್ನುತ್ತಿದ್ದರು. ಸಿಲೋನಿನಲ್ಲಿ ಅವರ ಅಜ್ಜನನ್ನು ‘ಇಂಡಿಯಾದವರು’ ಎನ್ನುತ್ತಿದ್ದರು. ಜಾತಿ ಪ್ರಮಾಣಪತ್ರಕ್ಕಾಗಿ ಅವನು ಕಚೇರಿಗಳಿಗೆ ಅಲೆದದ್ದನ್ನು ನಾನೇ ನೋಡಿದ್ದೇನೆ. ಒಮ್ಮೆ ಅವನ ಉತ್ತರಪತ್ರಿಕೆ ನೋಡಿ, “ನಿನ್ನ ಕನ್ನಡ ಎಷ್ಟು ಚೆನ್ನಾಗಿದೆ, ನೀನು ತಮಿಳನೆಂದು ಗೊತ್ತೇ ಆಗುವುದಿಲ್ಲ” ಎಂದೆ. ಹೊಗಳಿದೆ ಎಂದುಕೊಂಡಿದ್ದೆ. ಅವನು ನಕ್ಕು, “ಗೊತ್ತಾದರೆ ಏನಾಗುತ್ತೆ ಸರ್?” ಎಂದ. ಬಾಲ್ದಿ ಹಿಡಿದು ನಿಂತವನು ಆ ಕ್ಷಣ ನಾನೇ ಆಗಿದ್ದೆ.

ಗೆರೆ ಎಳೆಯುವ ಕೆಲಸ ಬಲವಿದ್ದವರದ್ದು ಮಾತ್ರ ಅಲ್ಲ. ಪೆಟ್ಟು ತಿಂದವರೂ ಎಳೆಯುತ್ತಾರೆ. 1981ರಲ್ಲಿ ಜಾಫ್ನಾದ ಗ್ರಂಥಾಲಯವನ್ನು ಸುಟ್ಟಾಗ ಸುಮಾರು 97,000 ಪುಸ್ತಕಗಳೂ ಓಲೆಗರಿಗಳೂ ಬೂದಿಯಾದವು. ಒಂಬತ್ತು ವರ್ಷದ ನಂತರ, 1990ರ ಅಕ್ಟೋಬರಿನಲ್ಲಿ, ಅದೇ ಜಾಫ್ನಾದಲ್ಲಿ ತಮಿಳನ್ನೇ ಮನೆಮಾತಾಗಿ ಆಡುವ ಮುಸ್ಲಿಮರನ್ನು ಹುಲಿಗಳ ಪಡೆ ಕೆಲವೇ ಗಂಟೆಗಳ ಗಡುವು ಕೊಟ್ಟು ಹೊರಗಟ್ಟಿತು. ಎರಡೂ ಕಡೆಯ ಹಿಂಸೆಯನ್ನು ದಾಖಲಿಸಿದ ‘ದ ಬ್ರೋಕನ್ ಪಾಮೈರಾ’ ಪುಸ್ತಕದ ಲೇಖಕರಲ್ಲಿ ಒಬ್ಬರಾದ, ಜಾಫ್ನಾ ವಿಶ್ವವಿದ್ಯಾಲಯದ ವೈದ್ಯೆ ರಜನಿ ತಿರಣಗಮ ಅವರನ್ನು 1989ರ ಸೆಪ್ಟೆಂಬರ್ 21ರಂದು ಕೊಂದರು. ಆಕೆ ತಮಿಳರು, ಗಂಡ ಸಿಂಹಳೀಯರು.

ಹಾಗಾದರೆ ಪರಂಪರೆ ಎನ್ನುವುದು ಏನು ಮಾಡುತ್ತದೆ? ಕೋಟೆಯ ಸೀಮೆಯಲ್ಲಿ ಬೆಳೆದ ನಮಗೆ ಮುತ್ತಿಗೆಯ ಕತೆ ಹೊಸದಲ್ಲ. ಸಿಂಹಳೀಯರಿಗೆ ಅಂಥ ಕತೆ ‘ಮಹಾವಂಸ’ದಲ್ಲಿದೆ, ಸುಮಾರು ಐದನೇ ಶತಮಾನದ ಪಾಳಿ ಚರಿತ್ರೆ. ದುಟ್ಟಗಾಮಣಿ ಎಂಬ ಸಿಂಹಳ ಅರಸು ಎಳಾರ ಎಂಬ ತಮಿಳು ಅರಸನನ್ನು ಗೆಲ್ಲುವ ಭಾಗ ಅಲ್ಲಿನ ರಾಜಕಾರಣದಲ್ಲಿ ಎಷ್ಟು ಸಲ ಬಳಕೆಯಾಗಿದೆಯೋ ಲೆಕ್ಕವಿಲ್ಲ. ಯುದ್ಧದ ನಂತರ ಅರಸನಿಗೆ ಕೊಂದ ಪಾಪ ಕಾಡಿದಾಗ ಭಿಕ್ಷುಗಳು ಬಂದು, ಸತ್ತವರಲ್ಲಿ ಮನುಷ್ಯರೆಂದು ಎಣಿಸಬೇಕಾದವರು ಒಂದೂವರೆ ಮಂದಿ ಮಾತ್ರ ಎಂದು ಸಮಾಧಾನ ಹೇಳುತ್ತಾರೆ. ಉಳಿದವರು ಧರ್ಮದೊಳಗಿನವರಲ್ಲವಲ್ಲ. ಈ ಲೆಕ್ಕಕ್ಕಿಂತ ಭಯಂಕರವಾದದ್ದನ್ನು ನಾನು ಹಳೆಯ ಪುಸ್ತಕಗಳಲ್ಲಿ ಹೆಚ್ಚು ಕಂಡಿಲ್ಲ. ಆದರೆ ಅದೇ ಪುಸ್ತಕ ಎಳಾರನನ್ನು ನ್ಯಾಯವಂತ ಎನ್ನುತ್ತದೆ. ಗೆದ್ದ ಅರಸ ಸೋತವನಿಗೆ ತಾನೇ ಸಂಸ್ಕಾರ ಮಾಡಿ, ಅವನ ಸಮಾಧಿಯ ಮುಂದೆ ಹೋಗುವಾಗ ವಾದ್ಯ ನಿಲ್ಲಿಸಬೇಕೆಂದು ಕಟ್ಟು ಮಾಡಿದ ಎನ್ನುತ್ತದೆ. ಮೆರವಣಿಗೆಯವರು ಮೊದಲ ಭಾಗ ಓದಿ ಪುಸ್ತಕ ಮುಚ್ಚಿದರು. ವಿಮರ್ಶೆಯ ಕೆಲಸ ಉಳಿದ ಪುಟವನ್ನೂ ಓದಿ ಹೇಳುವುದು, ಒಂದೂವರೆಯ ಲೆಕ್ಕವನ್ನೂ ಮುಚ್ಚಿಡದೆ.

ಆ ‘ಮಹಾವಂಸ’ದಲ್ಲಿ ನಾವೂ ಇದ್ದೇವೆ. ಧರ್ಮ ಸಾರಲು ಹೊರಟವರ ಪಟ್ಟಿಯಲ್ಲಿ ಮಹಿಂದ ಲಂಕೆಗೆ ಹೋದರೆ ರಕ್ಖಿತನೆಂಬವನು ವನವಾಸಿಗೆ ಬರುತ್ತಾನೆ. ವನವಾಸಿ ನಮ್ಮ ಬನವಾಸಿ ಎಂಬುದು ವಿದ್ವಾಂಸರ ಮತ. ಮಹಿಂದನ ತಂದೆ ಅಶೋಕನ ಶಾಸನ ನಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೇ ಇದೆ. ತಾಯಿ ತಂದೆಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ನಿಜ ಹೇಳಬೇಕು ಎಂಬಷ್ಟೇ ಅದರ ಸಾರ. ಕೊನೆಯಲ್ಲಿ ಚಪಡ ಎಂಬ ಲಿಪಿಕಾರ ತನ್ನ ವೃತ್ತಿಯ ಹೆಸರನ್ನು ವಾಯವ್ಯದ ಕಡೆಯ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಇನ್ನೂ ಸ್ವಲ್ಪ ಈಚೆಗೆ ಬಂದರೆ ಒಂಬತ್ತನೇ ಶತಮಾನದಲ್ಲಿ ಕನ್ನಡದ ‘ಕವಿರಾಜಮಾರ್ಗ’ ದಂಡಿಯ ‘ಕಾವ್ಯಾದರ್ಶ’ವನ್ನು ಮುಂದಿಟ್ಟುಕೊಂಡು ತನ್ನ ನುಡಿಯನ್ನು ವಿವರಿಸಿಕೊಂಡಿತು. ಹೆಚ್ಚು ಕಡಿಮೆ ಅದೇ ಕಾಲದಲ್ಲಿ ಸಿಂಹಳದ ‘ಸಿಯಬಸ್‌ಲಕರ’ ಅದೇ ದಂಡಿಯನ್ನು ಹಿಡಿದು ಅದೇ ಕೆಲಸ ಮಾಡಿತು. ಆ ಹೆಸರಿನ ಅರ್ಥ ‘ಸ್ವಭಾಷೆಯ ಅಲಂಕಾರ’. ಆಮೇಲೆ ತಮಿಳಿನ ‘ದಂಡಿಯಲಂಕಾರಂ’ ಬಂತು. ಮೂರೂ ಭಾಷೆಗಳು ತಮ್ಮತನವನ್ನು ಕಂಡುಕೊಂಡದ್ದು ಒಂದೇ ಪುಸ್ತಕದ ಎದುರು ಕೂತು. ಸ್ವಭಾಷೆ ಎಂಬ ಮಾತಿಗೆ ಆಗ ಎದುರಾಳಿ ಬೇಕಾಗಿರಲಿಲ್ಲ. 1956ರ ಹೊತ್ತಿಗೆ ಬೇಕಾಯಿತು.

ಇದೆಲ್ಲ ತಿಳಿದರೆ ಜಗಳ ನಿಲ್ಲುತ್ತದೆ ಎಂದು ನಾನು ನಂಬಿಲ್ಲ. ಕೊಲಂಬೋದಲ್ಲಿ ಇದನ್ನೆಲ್ಲ ಬಲ್ಲವರು ಬಹಳ ಮಂದಿ ಇದ್ದರು. ಸಾಹಿತ್ಯ ಓದಿದವನಾಗಿ ನಾನೂ 1991ರಲ್ಲಿ ಕೆಲವು ಬಲ್ಲೆ, ತಿರುವಿನಲ್ಲಿ ಅದು ಕೆಲಸಕ್ಕೆ ಬರಲಿಲ್ಲ. ಕಾದಂಬರಿ ಒಂದು ಕೆಲಸ ಮಾಡಬಲ್ಲದು. ಆ ತಿರುವಿಗೆ ನಮ್ಮನ್ನು ಮತ್ತೆ ಕರೆದುಕೊಂಡು ಹೋಗಿ, ಸುತ್ತ ನಿಂತ ಒಬ್ಬೊಬ್ಬರ ಜಾಗದಲ್ಲೂ ನಿಲ್ಲಿಸುತ್ತದೆ. ಗಾಡಿಯವಳು, ಪ್ರಶ್ನೆ ಕೇಳಿದವನು, ಬಾಗಿಲು ತೆರೆದ ಮುದುಕ, ಗೊತ್ತಿಲ್ಲ ಎಂದವನು. ‘ಫನ್ನಿ ಬಾಯ್’ ಓದಿ ನಾವು ಆರ್ಜಿಯಾಗಿ ಅತ್ತರೆ ಅರ್ಧ ಓದಿದಂತೆ. ಅವನನ್ನು “ತಮಿಳು ಕ್ಲಾಸಿಗೆ ಹೋಗು” ಎಂದ ಹುಡುಗನೂ ನಮ್ಮ ಪರಿಚಯದವನೇ ಎಂದು ಕಂಡಾಗ ಇನ್ನರ್ಧ.

ಮುಂದಿನ ಶನಿವಾರ ನಾನು ಹುಡುಗಿಗೆ ಇಡ್ಲಿಯಕ್ಕನ ಸಂಗತಿ ಹೇಳಿದೆ. ಯಾರೂ ಸಮಾಧಾನ ಹೇಳಲಿಲ್ಲ, ಅದು ಒಳ್ಳೆಯದಾಯಿತು. “ಅವರ ಜಗಳ” ಎಂದಿದ್ದ ಹುಡುಗ ಸ್ವಲ್ಪ ಹೊತ್ತು ಬಿಟ್ಟು ಕೇಳಿದ: “ನಿಮ್ಮ ಜಾಗದಲ್ಲಿ ನಾನಿದ್ದರೆ ಹೌದು ಅಂತಿದ್ದೆನಾ, ಗೊತ್ತಿಲ್ಲ ಅಂತಿದ್ದೆನಾ ಸರ್?” ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಈ ವಾರದಿಂದ ಶಿವಾನಂದನ್ ಶುರುಮಾಡಿದ್ದೇವೆ. ಮೊದಲ ಪುಟವನ್ನು ಕನ್ನಡದಲ್ಲಿ ಹೇಳುತ್ತೇನೆಂದು ಅವನೇ ಮುಂದೆ ಬಂದಿದ್ದಾನೆ.